ವಿಂಡೋಸ್ 11ಕ್ಕೆ ಹೋದ ಮೇಲೂ ಪಿಕಾಸಾ ಉಳಿಸಿಕೊಳ್ಳುವುದು ಹೇಗೆ

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆಯ ಕಂಪ್ಯೂಟರ್‌ಗಳಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಉಸಿರಾಡಬಹುದು, ಅಷ್ಟೇ. ಹಾಗಾಗಿ ಗೂಗಲ್‌ನ ಹಳೆಯ ಫೋಟೊ ಪ್ರೋಗ್ರಾಂ ಪಿಕಾಸಾದಲ್ಲಿ ಫೋಟೊ ಇಟ್ಟುಕೊಂಡವರೆಲ್ಲ ಕೇಳುವುದು ಒಂದೇ ಮಾತು: 11ಕ್ಕೆ ಹೋದರೆ ಪಿಕಾಸಾ ಓಡುತ್ತದಾ?

ಓಡುತ್ತದೆ. ಪಿಕಾಸಾ 32 ಬಿಟ್ ಪ್ರೋಗ್ರಾಂ. ವಿಂಡೋಸ್ 11 ಸ್ವತಃ 64 ಬಿಟ್ ಆದರೂ 32 ಬಿಟ್ ಪ್ರೋಗ್ರಾಂಗಳನ್ನು ಓಡಿಸುವ ಪದರವನ್ನು ಒಳಗೇ ಇಟ್ಟುಕೊಂಡಿದೆ. ಏಟು ಬೀಳುವುದು ಬೇರೆ ಕಡೆ. ಪ್ರೋಗ್ರಾಂ ತೆರೆದುಕೊಳ್ಳುತ್ತದೆ, ಫೋಟೊಗಳೂ ಕಾಣುತ್ತವೆ, ಆದರೆ ವರ್ಷಗಟ್ಟಲೆ ಕೂತು ಒಂದೊಂದು ಮುಖಕ್ಕೂ ಕೊಟ್ಟ ಹೆಸರುಗಳು, ಜೋಡಿಸಿದ ಆಲ್ಬಮ್‌ಗಳು ಮಾಯವಾಗಿರುತ್ತವೆ. ಅಜ್ಜಿಯ ಅಕ್ಕತಂಗಿಯರಲ್ಲಿ ಯಾರು ಯಾರೆಂದು ಹೇಳಬಲ್ಲವರು ಇದ್ದಾಗಲೇ ಕೇಳಿ ಬರೆದಿಟ್ಟ ಹೆಸರುಗಳವು. ಇನ್ನೊಮ್ಮೆ ಕೇಳಿ ಬರೆಯುತ್ತೇವೆ ಅನ್ನುವ ಹಾಗಿರುವುದಿಲ್ಲ. ಇದಕ್ಕೆಲ್ಲ ಕಾರಣ ಹೆಚ್ಚಿನ ಸಲ ಒಂದೇ, ಫೋಟೊ ಇರುವ ದಾರಿ (ಯಾವ ಡ್ರೈವು, ಯಾವ ಫೋಲ್ಡರು ಎಂಬ ವಿಳಾಸ) ಬದಲಾಗಿರುತ್ತದೆ. ದಾರಿ ಬದಲಾಗದಂತೆ ನೋಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಯಾವುದು ಎಲ್ಲಿ ಇರುತ್ತದೆ

ಪಿಕಾಸಾ ತನ್ನ ಮಾಹಿತಿಯನ್ನು ಮೂರು ಕಡೆ ಇಡುತ್ತದೆ. ಇದು ತಿಳಿಯದೆ ಬರೀ ಫೋಟೊ ಕಾಪಿ ಮಾಡಿದವರೇ ಹೆಚ್ಚು ಕಳೆದುಕೊಳ್ಳುವುದು.

ಮೊದಲನೆಯದು ಫೋಟೊ ಫೈಲಿನ ಒಳಗೇ. ಜೆಪೆಗ್ ಫೋಟೊಗೆ ಬರೆದ ಅಡಿಬರಹ ಮತ್ತು ಟ್ಯಾಗ್‌ಗಳು ಫೈಲಿನೊಳಗೆ ಸೇರಿಕೊಂಡಿರುತ್ತವೆ. ಫೋಟೊ ಎಲ್ಲಿಗೆ ಹೋದರೂ ಅವೂ ಹೋಗುತ್ತವೆ, ಅವುಗಳ ಚಿಂತೆ ಬೇಡ.

ಎರಡನೆಯದು ಪ್ರತಿ ಫೋಲ್ಡರಿನಲ್ಲೂ ಕಣ್ಣಿಗೆ ಕಾಣದಂತೆ ಕೂತಿರುವ ಒಂದು ಚಿಕ್ಕ ಫೈಲು: ಚುಕ್ಕೆಯಿಂದ ಶುರುವಾಗುವ ಹೆಸರಿನ ‘.ಪಿಕಾಸಾ.ಐಎನ್‌ಐ’. ನಕ್ಷತ್ರದ ಗುರುತು, ತಿರುಗಿಸಿದ್ದು, ಕತ್ತರಿಸಿದ್ದು, ಬಣ್ಣ ತಿದ್ದಿದ್ದು, ಮುಖ ಎಲ್ಲಿದೆ, ಅದು ಯಾರದು, ಫೋಟೊ ಯಾವ ಆಲ್ಬಮ್‌ಗೆ ಸೇರಿದೆ ಎಲ್ಲವೂ ಇದರಲ್ಲಿದೆ. ಸೇವ್ ಒತ್ತುವ ತನಕ ಪಿಕಾಸಾ ನಿಮ್ಮ ಮೂಲ ಫೋಟೊವನ್ನು ಮುಟ್ಟುವುದಿಲ್ಲ. ತಿದ್ದಿದ್ದೆಲ್ಲ ಈ ಫೈಲಿನಲ್ಲಿ ಬರೀ ಸೂಚನೆಯಾಗಿ ಇರುತ್ತದೆ. ಸೇವ್ ಒತ್ತಿದಾಗ ಮೂಲ ಪ್ರತಿ ‘.ಪಿಕಾಸಾಒರಿಜಿನಲ್ಸ್’ ಎಂಬ ಅಡಗಿಸಿದ ಫೋಲ್ಡರಿಗೆ ಹೋಗುತ್ತದೆ. ಜಾಗ ಸಾಲದೆಂದು ಆ ಫೋಲ್ಡರನ್ನು ಅಳಿಸಿದವರು ಮೂಲ ಫೋಟೊವನ್ನೇ ಅಳಿಸಿದ ಹಾಗೆ. ಪಿಕಾಸಾ 2ರ ಕಾಲದಿಂದ ಬಳಸುತ್ತಿದ್ದರೆ ಹಳೆಯ ಫೋಲ್ಡರ್‌ಗಳಲ್ಲಿ ಇದೇ ಕೆಲಸಕ್ಕೆ ಚುಕ್ಕೆಯಿಲ್ಲದ ‘ಒರಿಜಿನಲ್ಸ್’ ಎಂಬ ಹೆಸರು ಇರುತ್ತದೆ. ಅದನ್ನೂ ಮುಟ್ಟಬೇಡಿ.

ಮೂರನೆಯದು ಸಿ ಡ್ರೈವಿನಲ್ಲಿರುವ ಡೇಟಾಬೇಸ್. ಯೂಸರ್ಸ್, ನಿಮ್ಮ ಹೆಸರಿನ ಫೋಲ್ಡರ್, ಆ್ಯಪ್‌ಡೇಟಾ, ಲೋಕಲ್, ಗೂಗಲ್ ಎಂದು ಒಳಗೆ ಹೋದರೆ ‘ಪಿಕಾಸಾ2’ ಮತ್ತು ‘ಪಿಕಾಸಾ2ಆಲ್ಬಮ್ಸ್’ ಎಂಬ ಎರಡು ಫೋಲ್ಡರ್ ಸಿಗುತ್ತವೆ. ಪ್ರೋಗ್ರಾಂ ಹೆಸರು ಪಿಕಾಸಾ 3 ಆದರೂ ಡೇಟಾಬೇಸ್ ಫೋಲ್ಡರಿಗೆ 2 ಎಂದೇ ಉಳಿದಿದೆ, ಇದು ಹಳೇ ಕಸ ಅಂದುಕೊಂಡು ಡಿಲೀಟ್ ಮಾಡಬೇಡಿ. ‘ಪಿಕಾಸಾ2’ ಒಳಗಿನ ‘ಡಿಬಿ3’ಯಲ್ಲಿ ಪುಟ್ಟ ಚಿತ್ರಗಳು ಮತ್ತು ಪಟ್ಟಿಗಳಿವೆ, ‘ಕಾಂಟ್ಯಾಕ್ಟ್ಸ್’ನಲ್ಲಿ ಹೆಸರುಗಳ ಎಕ್ಸ್‌ಎಂಎಲ್ ಫೈಲ್ ಇದೆ. ಆಲ್ಬಮ್‌ಗಳ ಫೋಲ್ಡರಿನಲ್ಲಿ ಪ್ರತಿ ಆಲ್ಬಮ್‌ಗೆ ಯಾವ ಯಾವ ಫೋಟೊ ಎಂಬ ಪಟ್ಟಿ, ಒಂದೊಂದರ ಪೂರ್ತಿ ದಾರಿಯ ಸಮೇತ ಬರೆದಿರುತ್ತದೆ. ದಾರಿ ಬದಲಾದರೆ ಆಲ್ಬಮ್ ಖಾಲಿ ಕಾಣುವುದು ಇದಕ್ಕೇ.

ಐಎನ್‌ಐ ಫೈಲನ್ನು ಒಮ್ಮೆ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಒಳಗೇನಿದೆ ಎಂದು ಗೊತ್ತಾದರೆ ಅದನ್ನು ಕಾಪಾಡುವ ಮನಸ್ಸು ತಾನಾಗಿ ಬರುತ್ತದೆ. ಚೌಕ ಆವರಣದೊಳಗೆ ಫೋಟೊ ಫೈಲಿನ ಹೆಸರು, ಅದರ ಕೆಳಗೆ ‘ಫೇಸಸ್=ರೆಕ್ಟ್64(4000300060005800)’ ಎಂಬಂಥ ಸಾಲು, ಅಲ್ಪವಿರಾಮದ ನಂತರ ಇನ್ನೊಂದು ಉದ್ದದ ಸಂಕೇತ. ಆವರಣದ 16 ಅಂಕಿಗಳನ್ನು ನಾಲ್ಕು ನಾಲ್ಕಾಗಿ ಒಡೆಯಿರಿ: ಎಡ, ಮೇಲು, ಬಲ, ಕೆಳಗು. ಇವು ಹದಿನಾರರ ಲೆಕ್ಕದ ಸಂಖ್ಯೆಗಳು. 4000 ಅಂದರೆ ನಮ್ಮ ಲೆಕ್ಕದಲ್ಲಿ 16,384. ಅದನ್ನು 65,536ರಿಂದ ಭಾಗಿಸಿದರೆ 0.25. ಬಲಗಡೆಯ 6000 ಅಂದರೆ 0.375. ಫೋಟೊ 4,000 ಪಿಕ್ಸೆಲ್ ಅಗಲವಿದ್ದರೆ ಮುಖ ಎಡದಿಂದ 1,000ನೇ ಪಿಕ್ಸೆಲ್‌ಗೆ ಶುರುವಾಗಿ 1,500ಕ್ಕೆ ಮುಗಿಯುತ್ತದೆ. 16 ಅಂಕಿಗಿಂತ ಕಡಿಮೆ ಕಂಡರೆ ಶುರುವಿನ ಸೊನ್ನೆಗಳು ಬಿಟ್ಟುಹೋಗಿವೆ ಎಂದರ್ಥ. ಅಲ್ಪವಿರಾಮದ ನಂತರದ ಸಂಕೇತ ವ್ಯಕ್ತಿಯ ಗುರುತು. ಆ ಗುರುತಿಗೆ ಹೆಸರು ಯಾವುದೆಂದು ಅದೇ ಫೈಲಿನ ‘ಕಾಂಟ್ಯಾಕ್ಟ್ಸ್2’ ಭಾಗದಲ್ಲಿ ಇರುತ್ತದೆ.

ಮುಖದ ಜಾಗ ಭಾಗಾಂಶದಲ್ಲಿ ಇರುವುದರಿಂದ ಫೋಟೊ ಚಿಕ್ಕದು ಮಾಡಿದರೆ ಏನೂ ಆಗುವುದಿಲ್ಲ. ಆದರೆ ಬೇರೆ ಪ್ರೋಗ್ರಾಂನಲ್ಲಿ ಕತ್ತರಿಸಿ ಅದೇ ಹೆಸರಲ್ಲಿ ಸೇವ್ ಮಾಡಿದರೆ ಅತ್ತೆಯ ಹೆಸರು ಹಿಂದಿನ ಗೋಡೆಯ ಕ್ಯಾಲೆಂಡರಿಗೆ ಹೋಗಿ ಕೂರುತ್ತದೆ. ಫೈಲಿನ ಹೆಸರನ್ನು ಎಕ್ಸ್‌ಪ್ಲೋರರ್‌ನಲ್ಲಿ ಬದಲಿಸಿದರೆ, ಅಥವಾ ಒಂದೇ ಫೋಟೊವನ್ನು ಅಲ್ಲಿಂದ ಬೇರೆ ಫೋಲ್ಡರಿಗೆ ಎಳೆದು ಹಾಕಿದರೆ, ಐಎನ್‌ಐಯಲ್ಲಿನ ಸಾಲು ಹಿಂದೆಯೇ ಉಳಿಯುತ್ತದೆ. ಹೆಸರು ಬದಲಿಸುವುದು, ಜಾಗ ಬದಲಿಸುವುದು ಎರಡನ್ನೂ ಪಿಕಾಸಾದ ಒಳಗಿನಿಂದಲೇ ಮಾಡಿ.

ಕನ್ನಡದಲ್ಲಿ ಹೆಸರು ಕೊಟ್ಟವರು ಒಂದು ಎಚ್ಚರ ವಹಿಸಬೇಕು. ಈ ಫೈಲು ಎಲ್ಲ ಭಾಷೆಯ ಅಕ್ಷರಗಳನ್ನೂ ಹಿಡಿಯುವ ಯುಟಿಎಫ್-8 ಎಂಬ ಸಂಕೇತದಲ್ಲಿ ಇರುತ್ತದೆ, ಫೈಲಿನ ಒಳಗೇ ಹಾಗೆಂದು ಒಂದು ಸಾಲು ಬರೆದುಕೊಂಡಿರುತ್ತದೆ. ಹಳೆಯ ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ತೆರೆದು ‘ಆನ್ಸಿ’ ಎಂದು ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಗಳಾಗುತ್ತದೆ, ಹಿಂದಕ್ಕೆ ತರಲು ಬರುವುದಿಲ್ಲ. ನೋಡಲು ತೆರೆಯಿರಿ, ಸೇವ್ ಒತ್ತದೆ ಮುಚ್ಚಿ.

ಅಪ್‌ಗ್ರೇಡ್‌ಗೆ ಮುಂಚೆ

ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋಗಿ ‘ಸಿಸ್ಟಮ್ ಟೈಪ್’ ನೋಡಿ. ಅಲ್ಲಿ 64 ಬಿಟ್ ಆಪರೇಟಿಂಗ್ ಸಿಸ್ಟಮ್ ಎಂದಿದ್ದು, ಯಂತ್ರ ವಿಂಡೋಸ್ 11ರ ಅರ್ಹತೆ ಪಾಸಾದರೆ (ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇತ್ಯಾದಿ) ನೇರ ಅಪ್‌ಗ್ರೇಡ್ ಮಾಡಬಹುದು. ಅದೇ ಒಳ್ಳೆಯ ದಾರಿ, ಏಕೆಂದರೆ ಬಳಕೆದಾರರ ಫೋಲ್ಡರ್, ಆ್ಯಪ್‌ಡೇಟಾ, ಪಿಕಾಸಾ ಎಲ್ಲವೂ ಇದ್ದಲ್ಲೇ ಇರುತ್ತವೆ. 32 ಬಿಟ್ ವಿಂಡೋಸ್ 10 ಇದ್ದರೆ ನೇರ ಅಪ್‌ಗ್ರೇಡ್ ಸಾಧ್ಯವೇ ಇಲ್ಲ. ಪ್ರೊಸೆಸರ್ 64 ಬಿಟ್ ಆಗಿದ್ದರೂ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು.

ಯಾವ ದಾರಿಯಾದರೂ ಬ್ಯಾಕಪ್ ಬೇಕೇ ಬೇಕು. ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ‘ಹಿಡನ್ ಐಟಮ್ಸ್’ಗೆ ಟಿಕ್ ಹಾಕಿ. ಪಿಕಾಸಾ ಮುಚ್ಚಿ. ಆಮೇಲೆ ಫೋಟೊಗಳ ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಇಲ್ಲಿ ಎಡವುವವರು ಬಹಳ. ಫೋಲ್ಡರಿನ ಒಳಗೆ ಹೋಗಿ, ಕಂಟ್ರೋಲ್ ಎ ಒತ್ತಿ, ಕಾಪಿ ಮಾಡುತ್ತಾರೆ. ಅಡಗಿಸಿದ ಫೈಲುಗಳು ಕಾಣುತ್ತಿಲ್ಲದಿದ್ದರೆ ಕಂಟ್ರೋಲ್ ಎ ಅವುಗಳನ್ನು ಆರಿಸುವುದಿಲ್ಲ, ಆ ಮಟ್ಟದ ಐಎನ್‌ಐ ಅಲ್ಲೇ ಉಳಿಯುತ್ತದೆ. ಹೊರಗೆ ನಿಂತು ಫೋಲ್ಡರನ್ನೇ ಎಳೆದು ಹಾಕಿದರೆ ಒಳಗಿರುವುದೆಲ್ಲ ಹೋಗುತ್ತದೆ. ಮುಗಿದ ಮೇಲೆ ಎರಡೂ ಫೋಲ್ಡರ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಫೈಲುಗಳ ಸಂಖ್ಯೆ ಹೋಲಿಸಿ. ಒಂದೇ ಒಂದು ಕಡಿಮೆಯಾದರೂ ಮುಂದೆ ಹೋಗಬೇಡಿ.

ಡೇಟಾಬೇಸ್‌ಗೆ ಹೋಗಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ಲೋಕಲ್‌ಆ್ಯಪ್‌ಡೇಟಾ ಎಂದು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಟೈಪ್ ಮಾಡಿ ಎಂಟರ್ ಕೊಡಿ. ಗೂಗಲ್ ಫೋಲ್ಡರಿನಲ್ಲಿ ‘ಪಿಕಾಸಾ2’, ‘ಪಿಕಾಸಾ2ಆಲ್ಬಮ್ಸ್’ ಎರಡನ್ನೂ ಕಾಪಿ ಮಾಡಿಕೊಳ್ಳಿ. ಜೊತೆಗೆ ಒಂದು ಕಾಗದದ ಮೇಲೆ ಮೂರು ವಿಷಯ ಬರೆದಿಡಿ: ಯೂಸರ್ಸ್ ಒಳಗೆ ನಿಮ್ಮ ಫೋಲ್ಡರಿನ ಹೆಸರು ಅಕ್ಷರಶಃ ಏನು, ಫೋಟೊ ಇರುವ ಡ್ರೈವಿನ ಅಕ್ಷರ ಯಾವುದು, ಪಿಕಾಸಾದ ಟೂಲ್ಸ್ ಪಟ್ಟಿಯ ಫೋಲ್ಡರ್ ಮ್ಯಾನೇಜರ್‌ನಲ್ಲಿ ಯಾವ ಯಾವ ಫೋಲ್ಡರ್‌ಗೆ ಗುರುತು ಇದೆ.

ಹೆಲ್ಪ್ ಪಟ್ಟಿಯ ಅಬೌಟ್‌ನಲ್ಲಿ ಆವೃತ್ತಿ ನೋಡಿ. ವಿಂಡೋಸ್‌ಗೆ ಬಂದ ಕೊನೆಯದು 3.9, ಬಿಲ್ಡ್ 141.259. ಅದಕ್ಕಿಂತ ಹಳೆಯದಿದ್ದರೆ ಅಪ್‌ಗ್ರೇಡ್‌ಗೆ ಮುಂಚೆಯೇ ಇದಕ್ಕೆ ಬನ್ನಿ. 2016ರ ಮಾರ್ಚ್ 15ಕ್ಕೆ ಗೂಗಲ್ ಬೆಂಬಲ ನಿಲ್ಲಿಸಿದ ಮೇಲೆ ಅಧಿಕೃತ ಡೌನ್‌ಲೋಡ್ ಇಲ್ಲವಾದ್ದರಿಂದ ಸೆಟಪ್ ಫೈಲು ಎಲ್ಲಿಂದ ತಂದರೂ ಓಡಿಸುವ ಮುನ್ನ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡಿಜಿಟಲ್ ಸಿಗ್ನೇಚರ್ಸ್ ತೆರೆಯಿರಿ. ಗೂಗಲ್ ಇಂಕ್ ಹೆಸರಿನ ಸಹಿ ಇರಬೇಕು, ‘ಡೀಟೇಲ್ಸ್’ ಒತ್ತಿದಾಗ ಸಹಿ ಸರಿಯಿದೆ ಎಂದು ಹೇಳಬೇಕು. ಸಹಿಯೇ ಇಲ್ಲದ, ಅಥವಾ ಜೊತೆಗೆ ಇನ್ನೇನೋ ಡೌನ್‌ಲೋಡರ್ ಇರುವ ಫೈಲನ್ನು ಮುಟ್ಟಬೇಡಿ.

ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ

ಇಲ್ಲಿ ಯಾವುದರ ನಂತರ ಯಾವುದು ಎಂಬುದೇ ಮುಖ್ಯ. ಪಿಕಾಸಾ ಇನ್‌ಸ್ಟಾಲ್ ಮಾಡಿ, ಕೊನೆಯಲ್ಲಿ ‘ರನ್ ಪಿಕಾಸಾ’ ಟಿಕ್ ತೆಗೆದು ಮುಗಿಸಿ. ತೆರೆಯಬೇಡಿ. ಮೊದಲು ಫೋಟೊಗಳು ಹಳೆಯ ದಾರಿಯಲ್ಲೇ ಬಂದು ಕೂರಬೇಕು, ನಂತರ ಎರಡೂ ಡೇಟಾಬೇಸ್ ಫೋಲ್ಡರ್‌ಗಳನ್ನು ಲೋಕಲ್ ಒಳಗಿನ ಗೂಗಲ್‌ಗೆ ಹಾಕಬೇಕು (ಗೂಗಲ್ ಫೋಲ್ಡರ್ ಇರದಿದ್ದರೆ ಮಾಡಿಕೊಳ್ಳಿ), ಆಮೇಲೆ ಪಿಕಾಸಾ ತೆರೆಯಬೇಕು. ಫೋಟೊ ತರುವ ಮುಂಚೆ ತೆರೆದರೆ, ಡೇಟಾಬೇಸಿನಲ್ಲಿ ಹೇಳಿದ ಜಾಗದಲ್ಲಿ ಫೋಟೊ ಇಲ್ಲ ಎಂದು ನೋಡಿ ಪಿಕಾಸಾ ಅವುಗಳನ್ನು ಪಟ್ಟಿಯಿಂದ ತೆಗೆಯುತ್ತದೆ. ಹಾಗೆ ಆಗಿಬಿಟ್ಟರೆ ಪಿಕಾಸಾ ಮುಚ್ಚಿ, ಎರಡೂ ಫೋಲ್ಡರ್‌ಗಳನ್ನು ಬ್ಯಾಕಪ್‌ನಿಂದ ಮತ್ತೆ ಹಾಕಿ.

ದಾರಿ ಬದಲಾಗುವುದು ಮೂರು ರೀತಿ. ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸ್ 11 ಶುರುಮಾಡಿದರೆ ಯೂಸರ್ಸ್ ಒಳಗಿನ ಫೋಲ್ಡರಿಗೆ ನಿಮ್ಮ ಇಮೇಲಿನ ಮೊದಲ ಐದು ಅಕ್ಷರವನ್ನಷ್ಟೇ ಇಡುತ್ತದೆ. ಹಿಂದೆ ‘ಮಂಜುನಾಥ’ ಅಂತ ಇದ್ದದ್ದು ಈಗ ‘ಮಂಜು’ ಆಗಿರುತ್ತದೆ, ಪಿಕ್ಚರ್ಸ್ ಫೋಲ್ಡರಿನ ದಾರಿ ಬೇರೆಯಾಯಿತು. ಸೆಟ್ಟಿಂಗ್ಸ್‌ನ ಅಕೌಂಟ್ಸ್, ಅದರ್ ಯೂಸರ್ಸ್‌ನಲ್ಲಿ ಹಳೆಯ ಹೆಸರಿನಲ್ಲೇ ಲೋಕಲ್ ಅಕೌಂಟ್ ಮಾಡಿ ಅದರಲ್ಲಿ ಪಿಕಾಸಾ ಬಳಸುವುದು ಇದಕ್ಕೆ ಪರಿಹಾರ. ಫೋಟೊಗಳು ಮೊದಲಿನಿಂದಲೂ ಡಿ ಡ್ರೈವಿನಲ್ಲಿದ್ದವರಿಗೆ ಈ ತಲೆನೋವಿಲ್ಲ.

ಎರಡನೆಯದು ಡ್ರೈವಿನ ಅಕ್ಷರ. ಇ ಆಗಿದ್ದ ಡಿಸ್ಕು ಈಗ ಎಫ್ ಎಂದು ಬಂದರೆ, ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಆ ಡಿಸ್ಕಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್’ನಲ್ಲಿ ಹಳೆಯ ಅಕ್ಷರ ಕೊಡಿ. ಎರಡು ನಿಮಿಷದ ಕೆಲಸ.

ಮೂರನೆಯದು ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ ಒನ್‌ಡ್ರೈವ್, ಮೂರರಲ್ಲಿ ಹೆಚ್ಚು ಹಾನಿ ಮಾಡುವುದು ಇದೇ. ಫೋಲ್ಡರ್ ಬ್ಯಾಕಪ್ ಆನ್ ಆದರೆ ನಿಮ್ಮ ಪಿಕ್ಚರ್ಸ್ ಫೋಲ್ಡರ್ ಇದ್ದ ಜಾಗ ಬಿಟ್ಟು ಒನ್‌ಡ್ರೈವ್ ಫೋಲ್ಡರಿನ ಒಳಗೆ ಸರಿಯುತ್ತದೆ. ಎಡಗಡೆಯ ಪಟ್ಟಿಯಲ್ಲಿ ‘ಪಿಕ್ಚರ್ಸ್’ ಎಂದೇ ಕಾಣುವುದರಿಂದ ಸರಿದದ್ದು ಗೊತ್ತೇ ಆಗುವುದಿಲ್ಲ. ಮೇಲಿನ ವಿಳಾಸದ ಪಟ್ಟಿಯ ಮೇಲೆ ಕ್ಲಿಕ್ ಮಾಡಿದರೆ ನಡುವೆ ಒನ್‌ಡ್ರೈವ್ ಎಂದು ಕಾಣುತ್ತದೆ. ಇನ್ನೂ ಕೆಟ್ಟದ್ದೆಂದರೆ, ಜಾಗ ಉಳಿಸಲು ಕೆಲವು ಫೈಲುಗಳು ಕ್ಲೌಡಿನಲ್ಲಿ ಮಾತ್ರ ಉಳಿದು ಇಲ್ಲಿ ಬರೀ ಹೆಸರು ಇರಬಹುದು. ಪಿಕಾಸಾ ಸ್ಕ್ಯಾನ್ ಮಾಡಲು ಹೊರಟರೆ ಒಂದೊಂದನ್ನೂ ಇಳಿಸಿಕೊಳ್ಳಬೇಕಾಗುತ್ತದೆ. ಪಿಕಾಸಾ ನಿಂತುಹೋದಂತೆ ಕಾಣುತ್ತದೆ. ಉಚಿತವಾಗಿ ಸಿಗುವ 5 ಜಿಬಿಗೆ ಮನೆಯ ಫೋಟೊಗಳು ಸಾಲುವುದೂ ಇಲ್ಲ.

ಬಿಡಿಸಿಕೊಳ್ಳಲು ಟಾಸ್ಕ್‌ಬಾರಿನ ಮೋಡದ ಚಿತ್ರ ಒತ್ತಿ, ಸೆಟ್ಟಿಂಗ್ಸ್, ‘ಸಿಂಕ್ ಅಂಡ್ ಬ್ಯಾಕಪ್’, ‘ಮ್ಯಾನೇಜ್ ಬ್ಯಾಕಪ್’ಗೆ ಹೋಗಿ. ಆದರೆ ಅಲ್ಲಿ ಪಿಕ್ಚರ್ಸ್ ಆಫ್ ಮಾಡುವ ಮುಂಚೆ ಒನ್‌ಡ್ರೈವ್‌ನೊಳಗಿನ ಪಿಕ್ಚರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಕೊಟ್ಟು, ಎಲ್ಲ ಫೈಲುಗಳಿಗೂ ಹಸಿರು ಗುರುತು ಬರುವ ತನಕ ಕಾಯಿರಿ. ಆಫ್ ಮಾಡಿದ ಮೇಲೆ ಫೋಟೊಗಳು ಒನ್‌ಡ್ರೈವ್ ಫೋಲ್ಡರಿನಲ್ಲೇ ಉಳಿದಿದ್ದರೆ, ಅಡಗಿಸಿದ ಫೈಲುಗಳು ಕಾಣುವಂತೆ ಇಟ್ಟುಕೊಂಡು ಎಲ್ಲವನ್ನೂ ಹಳೆಯ ಪಿಕ್ಚರ್ಸ್‌ಗೆ ಸಾಗಿಸಿ. ಇದೆಲ್ಲ ಆಗುವವರೆಗೂ ಪಿಕಾಸಾ ಮುಚ್ಚಿರಲಿ.

ಬ್ಯಾಕಪ್ ಮಾಡದೆ ವಿಂಡೋಸ್ 11 ಹಾಕಿಬಿಟ್ಟಿದ್ದೀರಾ? ಪಾರ್ಟಿಷನ್ ಫಾರ್ಮ್ಯಾಟ್ ಮಾಡದಿದ್ದರೆ ಸಿ ಡ್ರೈವಿನಲ್ಲಿ ‘ವಿಂಡೋಸ್.ಓಲ್ಡ್’ ಫೋಲ್ಡರ್ ಇದೆಯೇ ನೋಡಿ. ಅದರೊಳಗಿನ ಯೂಸರ್ಸ್‌ನಲ್ಲಿ ಹಳೆಯ ಆ್ಯಪ್‌ಡೇಟಾ ಹಾಗೇ ಇರುತ್ತದೆ. ಸಾಮಾನ್ಯವಾಗಿ 10 ದಿನದಲ್ಲಿ ವಿಂಡೋಸ್ ಅದನ್ನು ತಾನೇ ಅಳಿಸುತ್ತದೆ, ಆದ್ದರಿಂದ ಇವತ್ತೇ ಕಾಪಿ ಮಾಡಿಕೊಳ್ಳಿ. ಡೇಟಾಬೇಸ್ ಪೂರ್ತಿ ಹೋಗಿದ್ದರೂ ಕೈಚೆಲ್ಲಬೇಡಿ. ಐಎನ್‌ಐ ಫೈಲುಗಳು ಫೋಟೊ ಜೊತೆ ಇದ್ದರೆ ಪಿಕಾಸಾ ಅವನ್ನು ಓದಿ ತಿದ್ದುಪಡಿ, ನಕ್ಷತ್ರ, ಮುಖಗಳನ್ನು ಮತ್ತೆ ಕಟ್ಟುತ್ತದೆ.

ತೆರೆದ ಮೇಲೆ ಕಾಣುವ ತಕರಾರುಗಳು

ತಿದ್ದಿದ್ದು, ಹೆಸರು ಕೊಟ್ಟದ್ದು ಉಳಿಯುತ್ತಿಲ್ಲವೆಂದರೆ ವಿಂಡೋಸ್ ಸೆಕ್ಯುರಿಟಿಯ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್‌ನಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಆನ್ ಆಗಿದೆಯೇ ನೋಡಿ. ಆನ್ ಇದ್ದರೆ ಪಿಕ್ಚರ್ಸ್ ಫೋಲ್ಡರಿನಲ್ಲಿ ಐಎನ್‌ಐ ಬರೆಯಲು ಪಿಕಾಸಾಕ್ಕೆ ಬಿಡದೆ ಇರಬಹುದು. ಆ ರಕ್ಷಣೆಯನ್ನೇ ಆಫ್ ಮಾಡಬೇಡಿ. ಅನುಮತಿ ಕೊಡುವ ಪಟ್ಟಿಗೆ ‘ಪಿಕಾಸಾ3’ರ ಇಎಕ್ಸ್‌ಇ ಸೇರಿಸಿ. ಅದು ‘ಪ್ರೋಗ್ರಾಂ ಫೈಲ್ಸ್ (ಎಕ್ಸ್86)’ ಒಳಗಿನ ಗೂಗಲ್‌ನ ‘ಪಿಕಾಸಾ3’ ಫೋಲ್ಡರಿನಲ್ಲಿರುತ್ತದೆ.

ದೊಡ್ಡ ರೆಸಲ್ಯೂಷನ್ ಪರದೆಯಲ್ಲಿ ಅಕ್ಷರ ಇರುವೆಯಷ್ಟು ಚಿಕ್ಕದಾಗಿ ಅಥವಾ ಮಸುಕಾಗಿ ಕಂಡರೆ ಅದೇ ಇಎಕ್ಸ್‌ಇಯ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ ತೆರೆದು ಕೆಳಗಿನ ಟಿಕ್ ಹಾಕಿ ‘ಸಿಸ್ಟಮ್ (ಎನ್‌ಹ್ಯಾನ್ಸ್ಡ್)’ ಆರಿಸಿ. ಮೊದಲು ಅದನ್ನು, ಸರಿಬಾರದಿದ್ದರೆ ‘ಸಿಸ್ಟಮ್’.

ತೆರೆದ ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಿಕೊಂಡರೆ ಎರಡು ಅನುಮಾನ: ಕೆಟ್ಟ ಡೇಟಾಬೇಸ್ ಅಥವಾ ಕೆಟ್ಟ ಫೈಲು. ‘ಪಿಕಾಸಾ2’ ಫೋಲ್ಡರಿನ ಹೆಸರನ್ನು ‘ಪಿಕಾಸಾ2 ಹಳೆಯದು’ ಎಂದು ಬದಲಿಸಿ, ಪಿಕಾಸಾ ಹೊಸದನ್ನು ಕಟ್ಟಲಿ. ಆಗಲೂ ಬಿದ್ದರೆ ಒಂದು ಫೋಟೊ ಅಥವಾ ವಿಡಿಯೊ ಅದನ್ನು ಬೀಳಿಸುತ್ತಿದೆ. ಫೋಲ್ಡರ್ ಮ್ಯಾನೇಜರ್‌ನಲ್ಲಿ ಎಲ್ಲ ಫೋಲ್ಡರ್ ತೆಗೆದು ಒಂದೊಂದೇ ಸೇರಿಸುತ್ತ ಬನ್ನಿ. ಯಾವುದಕ್ಕೆ ಬೀಳುತ್ತದೋ ಅದರ ವಿಡಿಯೊಗಳ ಮೇಲೆ ಮೊದಲು ಕಣ್ಣಿಡಿ.

ಐಫೋನಿನ ಹೈಕ್ (ಎಚ್‌ಇಐಸಿ) ಫೋಟೊಗಳು ಪಿಕಾಸಾದಲ್ಲಿ ಕಾಣುವುದಿಲ್ಲ, ವಿಂಡೋಸ್‌ಗೆ ಹೈಕ್ ಎಕ್ಸ್‌ಟೆನ್ಷನ್ ಹಾಕಿದರೂ ಅಷ್ಟೇ. ಫೋನಿನ ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಇನ್ನು ಮುಂದೆ ತೆಗೆಯುವುದು ಜೆಪೆಗ್ ಆಗುತ್ತದೆ. ಕ್ಯಾನನ್‌ನ ಹೊಸ ಸಿಆರ್3 ರಾ ಫೈಲುಗಳನ್ನೂ ಪಿಕಾಸಾ ಓದುವುದಿಲ್ಲ. ಗೂಗಲ್ ಖಾತೆಗೆ ಸೈನ್ ಇನ್, ವೆಬ್ ಆಲ್ಬಮ್‌ಗೆ ಅಪ್‌ಲೋಡ್ ಇವು ಸತ್ತು ಬಹಳ ಕಾಲವಾಯಿತು, ಅವುಗಳ ಹಿಂದೆ ಹೊತ್ತು ಕಳೆಯಬೇಡಿ. ಮ್ಯಾಕ್‌ನವರಿಗೆ ಈ ಬರಹ ಸಹಾಯವಾಗದು: 2019ರ ಕ್ಯಾಟಲಿನಾದಿಂದ ಮ್ಯಾಕ್‌ಒಎಸ್ 32 ಬಿಟ್ ಪ್ರೋಗ್ರಾಂಗಳನ್ನು ಪೂರ್ತಿ ಕೈಬಿಟ್ಟಿದೆ.

2016ರಿಂದ ಭದ್ರತಾ ತಿದ್ದುಪಡಿ ಕಾಣದ ಪ್ರೋಗ್ರಾಂ ಇದು. ಹಾಗಾಗಿ ಮನೆಯ ಫೋಟೊಗಳಿಗೆ ಮಾತ್ರ ಬಳಸಿ, ಯಾರೋ ಕಳಿಸಿದ ಚಿತ್ರಗಳು ಬಂದು ಬೀಳುವ ಡೌನ್‌ಲೋಡ್ಸ್ ಫೋಲ್ಡರನ್ನು ಫೋಲ್ಡರ್ ಮ್ಯಾನೇಜರ್‌ನಿಂದ ತೆಗೆದುಬಿಡಿ. ಫೈರ್‌ವಾಲ್‌ನ ಔಟ್‌ಬೌಂಡ್ ರೂಲ್ಸ್‌ನಲ್ಲಿ ಪಿಕಾಸಾಕ್ಕೆ ಇಂಟರ್‌ನೆಟ್ ತಡೆದರೂ ಫೋಟೊ ಕೆಲಸಕ್ಕೆ ಏನೂ ಕೊರತೆಯಾಗುವುದಿಲ್ಲ.

ಹೆಸರುಗಳನ್ನು ಫೋಟೊ ಒಳಗೇ ಬರೆಸಿ

ಪಿಕಾಸಾ ಓಡುತ್ತಿರುವಾಗಲೇ ಮಾಡಬೇಕಾದ ಕೆಲಸ ಇದು. ಮುಖದ ಹೆಸರುಗಳು ಐಎನ್‌ಐಯಲ್ಲಿ ಪಿಕಾಸಾದ್ದೇ ಭಾಷೆಯಲ್ಲಿವೆ. ಅವನ್ನು ಫೋಟೊ ಒಳಗಿನ ಎಕ್ಸ್‌ಎಂಪಿ (ಫೋಟೊ ಕುರಿತ ಮಾಹಿತಿ ಇಡುವ) ಭಾಗಕ್ಕೆ ಬರೆಸಿದರೆ ಡಿಜಿಕ್ಯಾಮ್‌ನಂಥ ಉಚಿತ ಪ್ರೋಗ್ರಾಂಗಳೂ ಓದುತ್ತವೆ. ಟೂಲ್ಸ್, ಆಪ್ಷನ್ಸ್, ನೇಮ್ ಟ್ಯಾಗ್ಸ್‌ನಲ್ಲಿ ‘ಸ್ಟೋರ್ ನೇಮ್ ಟ್ಯಾಗ್ಸ್ ಇನ್ ಫೋಟೊ’ಗೆ ಟಿಕ್ ಹಾಕಿದರೆ ಮುಂದೆ ಕೊಡುವ ಹೆಸರುಗಳು ಫೋಟೊ ಒಳಗೆ ಹೋಗುತ್ತವೆ. ಹಿಂದೆ ಕೊಟ್ಟವಕ್ಕೆ ಟೂಲ್ಸ್, ಎಕ್ಸ್‌ಪೆರಿಮೆಂಟಲ್ ಪಟ್ಟಿಯಲ್ಲಿ ‘ರೈಟ್ ಫೇಸಸ್ ಟು ಎಕ್ಸ್‌ಎಂಪಿ’ ಇದೆ. ಇದು ಜೆಪೆಗ್ ಫೈಲುಗಳನ್ನೇ ಮಾರ್ಪಡಿಸುವುದರಿಂದ ಫೈಲಿನ ‘ಮಾಡಿಫೈಡ್’ ದಿನಾಂಕ ಇವತ್ತಿನದಾಗುತ್ತದೆ. ಫೋಟೊ ತೆಗೆದ ದಿನಾಂಕ ಒಳಗೆ ಹಾಗೇ ಇರುತ್ತದೆ.

ಒಮ್ಮೆಗೇ ಎಲ್ಲ ಫೋಟೊಗಳ ಮೇಲೆ ಓಡಿಸಬೇಡಿ. 20 ಫೋಟೊಗಳ ಒಂದು ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿ, ಫೋಲ್ಡರ್ ಮ್ಯಾನೇಜರ್‌ನಲ್ಲಿ ಅದನ್ನಷ್ಟೇ ಉಳಿಸಿ, ಬರೆಸಿ. ಆಮೇಲೆ ಆ ಫೋಲ್ಡರಿನ ಐಎನ್‌ಐ ತೆಗೆದು ಡಿಜಿಕ್ಯಾಮ್‌ನಲ್ಲಿ ತೆರೆಯಿರಿ. ‘ಪೀಪಲ್’ ಪಟ್ಟಿಯಲ್ಲಿ ಹೆಸರುಗಳು ಬಂದಿರಬೇಕು, ಕನ್ನಡದಲ್ಲಿ ಕೊಟ್ಟವು ಕನ್ನಡದಲ್ಲೇ ಕಾಣಬೇಕು, ಚೌಕ ಮುಖದ ಮೇಲೇ ಕೂತಿರಬೇಕು. ಪಿಕಾಸಾದಲ್ಲಿ ಕತ್ತರಿಸಿ ಇನ್ನೂ ಸೇವ್ ಮಾಡದ ಫೋಟೊಗಳನ್ನು ಇಲ್ಲಿ ವಿಶೇಷವಾಗಿ ನೋಡಿ, ಡಿಜಿಕ್ಯಾಮ್‌ಗೆ ಕಾಣುವುದು ಕತ್ತರಿಸದ ಮೂಲ ಫೋಟೊ. ಅಂಥವನ್ನು ಪಿಕಾಸಾದಲ್ಲಿ ಮೊದಲು ಸೇವ್ ಮಾಡಿ, ಆಮೇಲೆ ಹೆಸರು ಬರೆಸಿ. ಪರೀಕ್ಷೆ ಸರಿಹೋದರೆ ಫೋಲ್ಡರ್‌ಗಳನ್ನು ವರ್ಷದ ಲೆಕ್ಕದಲ್ಲಿ ಸೇರಿಸುತ್ತ ಹೋಗಿ. ಎಲ್ಲ ಮುಗಿದ ದಿನ ಹೊಸದಾಗಿ ಇನ್ನೊಂದು ಬ್ಯಾಕಪ್ ತೆಗೆದು, ಸಹಿ ಪರಿಶೀಲಿಸಿದ ಪಿಕಾಸಾ ಸೆಟಪ್ ಫೈಲನ್ನೂ ಅದೇ ಡಿಸ್ಕಿನಲ್ಲಿ ಡೇಟಾಬೇಸ್ ಫೋಲ್ಡರ್‌ಗಳ ಪಕ್ಕ ಇಡಿ.